ಬೆಳಗಿನ ಚೈತನ್ಯದ ಬೇರು ಹಿಂದಿನ ಇರುಳಿನಲ್ಲಿದೆ

ಬೆಳಗು ದಿನದ ಮೊದಲ ಪ್ರಸಾದ. ಆ ಹೊತ್ತಿನ ಎಚ್ಚರ ಹೇಗಿರುವುದೋ ಹಾಗೆಯೇ ಆ ದಿನದ ಪೂಜೆ, ಕಾಯಕ, ಮಾತು ಎಲ್ಲವೂ ಇರುತ್ತವೆ. ಇಂದು ಅನೇಕ ಮನೆಗಳಲ್ಲಿ ಈ ಎಚ್ಚರವು ಕಾಫಿಯ ಲೋಟದೊಂದಿಗೆ ಬರಬೇಕಾಗಿದೆ. "ಒಂದು ಲೋಟ ಒಳಗೆ ಹೋಗುವ ತನಕ ಕೈಕಾಲು ಆಡುವುದಿಲ್ಲ" ಎಂಬ ಮಾತು ಹಿರಿಯರಲ್ಲಿಯೂ ಕಿರಿಯರಲ್ಲಿಯೂ ಸಾಮಾನ್ಯವಾಗಿದೆ. ಸ್ನಾನಕ್ಕೆ ಮೊದಲು ಒಂದು, ಪೂಜೆಯ ನಂತರ ಇನ್ನೊಂದು, ಕಚೇರಿ ಸೇರಿದೊಡನೆ ಮತ್ತೊಂದು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕುಳಿತಾಗಲೂ ಮನಸ್ಸು ಅಡುಗೆಮನೆಯ ಪರಿಮಳದ ಕಡೆಗೆ ಹರಿಯುವುದಾದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗುತ್ತದೆ: ಆ ಲೋಟದಲ್ಲಿ ದೊರೆಯುವುದು ನಿಜವಾಗಿ ಚೈತನ್ಯವೇ?

ಕಾಫಿಯನ್ನು ನಿಂದಿಸಬೇಕಾದ ಕಾರಣ ಯಾವುದೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ಬಿತ್ತಿದರೆಂದು ಐತಿಹ್ಯ ಹೇಳುತ್ತದೆ. ಇಂದು ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದ್ದು. ಆ ತೋಟಗಳಲ್ಲಿ ಹಣ್ಣು ಬಿಡಿಸುವವರದೂ ಕಾಯಕವೇ. ಮನೆಗೆ ಬಂದವರಿಗೆ ಕಾಫಿ ಕೊಟ್ಟು ಆದರಿಸುವುದು ಈ ನಾಡಿನ ಸೌಜನ್ಯ. ತೊಡಕಿರುವುದು ಕಾಫಿಯಲ್ಲಿ ಅಲ್ಲ, ಅದನ್ನು ಶಕ್ತಿಯೆಂದು ನಂಬಿರುವ ನಂಬಿಕೆಯಲ್ಲಿ.

ಕಾಫಿ ಬೀಜದಲ್ಲಿರುವ ಕೆಫೀನ್ ಎಂಬ ವಸ್ತುವನ್ನು 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಬೇರ್ಪಡಿಸಿದನು. ಅದು ದೇಹದಲ್ಲಿ ಮಾಡುವ ಕೆಲಸ ಈಗ ಚೆನ್ನಾಗಿ ತಿಳಿದಿದೆ. ಮನುಷ್ಯನು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸ್ವಲ್ಪಸ್ವಲ್ಪವಾಗಿ ಸಂಗ್ರಹವಾಗುತ್ತದೆ. "ದಣಿವಾಗಿದೆ, ವಿಶ್ರಾಂತಿ ಬೇಕು" ಎಂದು ದೇಹಕ್ಕೆ ತಿಳಿಸುವುದು ಅದರ ಕೆಲಸ. ನಿದ್ರೆಯಲ್ಲಿ ಅದು ಕರಗುತ್ತದೆ. ಕಾಫಿ ಕುಡಿದಾಗ ಅಡಿನೋಸಿನ್ ಕೂರಬೇಕಾದ ಮಣೆಯ ಮೇಲೆ ಕೆಫೀನ್ ಹೋಗಿ ಕುಳಿತುಬಿಡುತ್ತದೆ. ದಣಿವಿನ ಸುದ್ದಿ ಮಿದುಳನ್ನು ಮುಟ್ಟುವುದಿಲ್ಲ. ಆದರೆ ದಣಿವು ಎಲ್ಲಿಯೂ ಹೋಗಿರುವುದಿಲ್ಲ, ಬಾಗಿಲ ಹೊರಗೆ ಕಾದು ನಿಂತಿರುತ್ತದೆ. ಕೆಫೀನ್ ಎದ್ದೊಡನೆ ಅದು ಒಳಗೆ ಬರುತ್ತದೆ. ಹನ್ನೊಂದು ಗಂಟೆಗೆ ಮತ್ತೆ ಲೋಟ ಬೇಕೆನಿಸುವುದು ಹೀಗೆ.

ಇನ್ನೊಂದು ಭ್ರಮೆಯೂ ಇದರೊಡನೆ ಸೇರಿಕೊಂಡಿದೆ. ಎದ್ದ ಮೊದಲ ಅರ್ಧ ಗಂಟೆ ಮೈ ಭಾರವಾಗಿರುವುದು ಎಲ್ಲರಿಗೂ ಸಹಜ. ಆ ಜಡತೆ ತಾನಾಗಿಯೇ ಇಳಿಯುತ್ತದೆ. ಕುಡಿದ ಕಾಫಿಯ ಪ್ರಭಾವ ರಕ್ತದಲ್ಲಿ ಏರುವುದಕ್ಕೂ ಸುಮಾರು ಅಷ್ಟೇ ಹೊತ್ತು ಬೇಕು. ದೇಹ ತಾನೇ ಎಚ್ಚತ್ತದ್ದರ ಕೀರ್ತಿಯಲ್ಲಿ ಹೆಚ್ಚಿನ ಪಾಲು ಲೋಟಕ್ಕೆ ಸಲ್ಲುತ್ತದೆ. ಅಷ್ಟೇ ಅಲ್ಲದೆ, ನಿತ್ಯ ಕುಡಿಯುವವರ ಬೆಳಗಿನ ಮಂಕುತನದಲ್ಲಿ ಒಂದು ಭಾಗ ರಾತ್ರಿಯಿಡೀ ಕಾಫಿ ಸಿಗದಿದ್ದುದರಿಂದಲೇ ಬಂದದ್ದು. ಕಾಫಿ ತಾನು ಕೊಟ್ಟ ನೋವನ್ನು ತಾನೇ ನಿವಾರಿಸಿ ಉಪಕಾರಿಯೆನಿಸಿಕೊಳ್ಳುತ್ತದೆ.

ಶರಣ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದದ್ದು. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ಹಿಂದಿರುಗಿಸಿ ಬರುವಂತೆ ಆಕೆ ಹೇಳಿದಳು. ಅಕ್ಕಿಗೆ ಸಲ್ಲುವ ಈ ವಿವೇಕ ದೇಹಬಲಕ್ಕೂ ಸಲ್ಲುತ್ತದೆ. ವಿಶ್ರಾಂತಿಯಿಂದ ಗಳಿಸಿದ್ದು ಇಂದಿನ ಬಲ. ಕಾಫಿಯಿಂದ ಎಳೆದುಕೊಂಡದ್ದು ನಾಳೆಯ ಪಾಲು. ಸಂಜೆ ಐದು ಗಂಟೆಗೆ ಕುಡಿದ ಕೆಫೀನಿನ ಅರ್ಧದಷ್ಟು ಹಲವರಲ್ಲಿ ರಾತ್ರಿ ಹತ್ತು ಗಂಟೆಗೂ ದೇಹದಲ್ಲಿಯೇ ಇರುತ್ತದೆ. ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದರೂ ಒಂದು ಗಂಟೆಗಿಂತ ಹೆಚ್ಚಿನ ನಿದ್ರೆ ನಷ್ಟವಾಗುವುದನ್ನು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕಳೆದ ಆ ನಿದ್ರೆಯ ಲೆಕ್ಕವನ್ನು ಮರುದಿನದ ಬೆಳಗು ಕೇಳುತ್ತದೆ, ಮತ್ತೆ ಕಾಫಿಯೇ ಉತ್ತರವಾಗುತ್ತದೆ.

ಆದುದರಿಂದ ಬೆಳಗಿನ ಚೈತನ್ಯವನ್ನು ಬಯಸುವವರು ಮೊದಲು ಇರುಳನ್ನು ಸರಿಪಡಿಸಿಕೊಳ್ಳಬೇಕು. ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಅವಶ್ಯ. ನಾಲ್ಕೂವರೆಗೆ ಎದ್ದು ಪೂಜೆಗೆ ಕೂರಬೇಕೆಂಬ ಸಂಕಲ್ಪ ಶ್ರೇಷ್ಠವಾದುದು. ಆದರೆ ಆ ಸಂಕಲ್ಪ ಒಂಬತ್ತೂವರೆಗೆ ದೀಪ ಆರಿಸುವುದರಿಂದ ಆರಂಭವಾಗಬೇಕು. ಹನ್ನೊಂದರ ತನಕ ದೂರದರ್ಶನ, ಆಮೇಲೆ ಹಾಸಿಗೆಯಲ್ಲಿ ಮೊಬೈಲು, ಮುಂಜಾನೆ ನಾಲ್ಕೂವರೆಗೆ ಅಲಾರಂ ಎಂದಾದರೆ ಅದನ್ನು ತಪಸ್ಸೆಂದು ಕರೆಯಲಾಗದು, ದೇಹಕ್ಕೆ ಮಾಡುವ ಅನ್ಯಾಯವೆಂದೇ ಕರೆಯಬೇಕು. ಮಲಗುವ, ಏಳುವ ವೇಳೆ ವಾರವಿಡೀ ಒಂದೇ ಆಗಿರುವುದು ಒಳಿತು. ಮಧ್ಯಾಹ್ನದ ಊಟದ ವೇಳೆಯ ನಂತರ ಕಾಫಿಯನ್ನು ಮುಟ್ಟದಿರುವುದು ಇನ್ನೂ ಒಳಿತು.

ಎದ್ದ ಮೇಲೆ ಬೇಕಾದವು ಮೂರು: ನೀರು, ಬೆಳಕು, ನಡಿಗೆ. ರಾತ್ರಿಯಿಡೀ ನೀರಿಲ್ಲದ ದೇಹಕ್ಕೆ ಮೊದಲು ಒಂದು ಚೊಂಬು ನೀರು ಸಲ್ಲಬೇಕು. ಬೆಳಕಿನ ಮಹತ್ವವಂತೂ ಬಹಳ ದೊಡ್ಡದು. ಪ್ರತಿ ಜೀವಕೋಶದಲ್ಲಿಯೂ ಹಗಲಿರುಳಿನ ಗಡಿಯಾರವೊಂದು ನಡೆಯುತ್ತಿರುವ ಬಗೆಯನ್ನು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ದೇಹದ ಆ ಗಡಿಯಾರವನ್ನು ದಿನವೂ ಸರಿಹೊಂದಿಸುವುದು ಕಣ್ಣಿಗೆ ಬೀಳುವ ಬೆಳಕು. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್‌ಗಳಷ್ಟಿದ್ದರೆ, ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಹಿಂದೆ ಪೂಜೆಗೆ ಹೂವು, ಪತ್ರೆ ಬಿಡಿಸಲು ಹಿತ್ತಿಲಿಗೋ ಹೊಲದ ಬದುವಿಗೋ ಹೋಗಿಬರುತ್ತಿದ್ದರು. ಬೆಳಕು, ತಂಗಾಳಿ, ನಡಿಗೆ ಮೂರೂ ಅದರಲ್ಲಿಯೇ ದೊರೆಯುತ್ತಿದ್ದವು. ಇಂದು ಹೂವು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲಿಗೆ ಬರುತ್ತದೆ. ಸೌಕರ್ಯವೇನೋ ಹೆಚ್ಚಿತು, ಬೆಳಗಿನ ಚೈತನ್ಯದ ಒಂದು ದಾರಿ ಮುಚ್ಚಿತು. ಸೂರ್ಯೋದಯದ ನಂತರ ಇಪ್ಪತ್ತು ನಿಮಿಷ ಹೊರಗೆ ನಡೆದರೆ ಆ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಬಳಿಕ ರಾಗಿ ಅಂಬಲಿಯೋ ರೊಟ್ಟಿ ಪಲ್ಯವೋ ನೆನೆಸಿದ ಕಾಳೋ, ಹೊಟ್ಟೆಗೆ ನಿಜವಾದ ಆಹಾರ ಬೀಳಬೇಕು. ಶಕ್ತಿ ಇರುವುದು ಅದರಲ್ಲಿ.

ಕಾಫಿಯನ್ನು ಒಮ್ಮೆಲೇ ಬಿಡುವ ಹಟ ಬೇಡ. ರೂಢಿಯಾದವರು ಹಠಾತ್ತನೆ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು, ಸಿಡಿಮಿಡಿ ಆರಂಭವಾಗಿ ಒಂದು ವಾರದವರೆಗೂ ಇರಬಹುದು. ವಾರಕ್ಕೊಂದು ಲೋಟ ಕಡಿಮೆ ಮಾಡುತ್ತಾ, ಡಿಕಾಕ್ಷನ್ ತೆಳುವಾಗಿಸುತ್ತಾ ಬಂದರೆ ದೇಹ ಒಪ್ಪಿಕೊಳ್ಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮಿತಿಯೆಂದು ಹೇಳಿದೆ. ಡಿಕಾಕ್ಷನ್ನಿನ ಕಾಫಿಯ 150 ಮಿಲಿಲೀಟರಿನಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆಂದೂ ಅದು ತಿಳಿಸಿದೆ. ಲೋಟಗಳನ್ನು ಎಣಿಸಿಕೊಂಡರೆ ಎಲ್ಲಿ ನಿಂತಿದ್ದೇವೆಂಬುದು ಯಾರಿಗಾದರೂ ಅರ್ಥವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆಯೂ ಮುಖ್ಯವಾದ ಮಾತೊಂದು ಉಳಿಯುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ತಾಯಿಗೆ ಈ ಉಪದೇಶ ಹೇಗೆ ತಲುಪಬೇಕು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ, ಪುರುಷರು ವ್ಯಯಿಸುವುದು 88 ನಿಮಿಷ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಅಂತಹ ತಾಯಿಯು ಬೆಳಗಿನ ಸುಸ್ತಿಗೆ ಕಾಫಿ ಕುಡಿಯುತ್ತಾಳೆ. ತಿಂಡಿಯ ಜೊತೆಗೇ ಕುಡಿದ ಕಾಫಿಯು ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಸುಸ್ತು ಬೆಳೆಯುತ್ತದೆ, ಕಾಫಿ ಅದನ್ನು ಮುಚ್ಚಿಡುತ್ತದೆ, ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಕಾಫಿ, ಚಹಾ ಬೇಡವೆಂದು ಅದೇ ಮಾರ್ಗಸೂಚಿ ಹೇಳಿರುವುದು ಈ ಕಾರಣಕ್ಕೆ. ಎರಡು ಮೂರು ವಾರ ಚೆನ್ನಾಗಿ ನಿದ್ರಿಸಿದರೂ ದಣಿವು ಇಳಿಯದಿದ್ದರೆ ರಕ್ತ, ಥೈರಾಯ್ಡ್, ಸಕ್ಕರೆಯ ಪರೀಕ್ಷೆ ಮಾಡಿಸಬೇಕು. ನಿದ್ರೆಯಲ್ಲಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರೂ ವೈದ್ಯರನ್ನು ಕಾಣಬೇಕು.

ಐದು ಗಂಟೆ ಮಾತ್ರ ಮಲಗಲು ಬಿಟ್ಟು, "ಕಾಫಿ ಬಿಡು" ಎಂದು ಆಕೆಗೆ ಬೋಧಿಸುವುದು ಧರ್ಮವಲ್ಲ. ರಾತ್ರಿಯ ಪಾತ್ರೆಗಳನ್ನು ಮಗ ತೊಳೆದಿಟ್ಟರೆ, ಬೆಳಗಿನ ತರಕಾರಿಯನ್ನು ಪತಿ ಹೆಚ್ಚಿಟ್ಟರೆ, ಆಕೆಗೆ ಒಂದು ಗಂಟೆ ನಿದ್ರೆ ಹೆಚ್ಚು ದೊರೆಯುತ್ತದೆ. ದಾಸೋಹವು ಮನೆಯ ಹೊಸಿಲಿನೊಳಗಿನಿಂದಲೇ ಆರಂಭವಾಗಬೇಕು. ಹೆಚ್ಚಾಗಿ ತಂದದ್ದನ್ನು ಹಿಂದಿರುಗಿಸೆಂದು ಹೇಳಿದವಳು ಮನೆಯ ಒಡತಿಯೇ. ಇಂದು ಆ ಒಡತಿಯಿಂದ ಹೆಚ್ಚಾಗಿ ಪಡೆದ ನಿದ್ರೆಯನ್ನು ಆಕೆಗೆ ಹಿಂದಿರುಗಿಸುವ ಸರದಿ ಮನೆಯವರದು. ಆ ಮನೆಯಲ್ಲಿ ಬೆಳಗು ಎಲ್ಲರಿಗೂ ಹಗುರವಾಗಿ ಬರುತ್ತದೆ. ಅಲ್ಲಿ ಕಾಫಿ ಇದ್ದರೂ ಅದು ರುಚಿಗಾಗಿ ಇರುತ್ತದೆ, ಊರುಗೋಲಾಗಿ ಇರುವುದಿಲ್ಲ.