ದುರ್ಗದ ಕಾದಂಬರಿಗಳನ್ನು ಓದುವ ಕ್ರಮ

ಕನ್ನಡದಲ್ಲಿ ಓದಲೇಬೇಕಾದ ಕಾದಂಬರಿಗಳ ಪಟ್ಟಿಯನ್ನು ಯಾರು ಸಿದ್ಧಪಡಿಸಿದರೂ ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ಕ್ಕೆ ಅದರಲ್ಲಿ ಸ್ಥಾನ ದೊರೆಯುವುದು ಸಹಜ. 1982ರಲ್ಲಿ ಪ್ರಕಟವಾದ ಈ ಕೃತಿಗೆ, 1984ರಲ್ಲಿ ಲೇಖಕರು ಕಾಲವಾದ ನಂತರ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಓದುಗರಿಗಂತೂ ಇದು ಮನೆಯ ಪುಸ್ತಕ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಇದೊಂದೇ ಕೃತಿಯನ್ನು ಸೂಚಿಸಿ ಸುಮ್ಮನಾಗುವುದು ಸಾಲದು. ಆ ಶಿಫಾರಸು ತಪ್ಪೇನಲ್ಲ, ಅಪೂರ್ಣ, ಅಷ್ಟೆ. ಐತಿಹಾಸಿಕ ಕಾದಂಬರಿಯನ್ನು ಸೂಚಿಸುವವರು ಅದರ ಹಿಂದೆ ಏನನ್ನು, ಅದರ ಪಕ್ಕದಲ್ಲಿ ಏನನ್ನು ಓದಬೇಕೆಂಬುದನ್ನೂ ಸೂಚಿಸಬೇಕು.

‘ದುರ್ಗಾಸ್ತಮಾನ’ ಕೊನೆಯ ಮದಕರಿನಾಯಕನ ಕಥೆ. 1779ರಲ್ಲಿ ಹೈದರಾಲಿಯ ವಶವಾದ ಕೋಟೆ, ಶ್ರೀರಂಗಪಟ್ಟಣದ ಸೆರೆಗೆ ಹೋದ ಅರಸ: ಈ ದುರಂತದ ಭಾವತೀವ್ರತೆಯಲ್ಲಿ ಮೊದಲು ಮುಳುಗಿದ ಓದುಗನು ದುರ್ಗದ ಇತಿಹಾಸವನ್ನೆಲ್ಲ ವೀರಗಾಥೆಯಾಗಿಯೇ ಕಾಣತೊಡಗುತ್ತಾನೆ. ಆದ್ದರಿಂದ ಇದಕ್ಕೆ ಮುನ್ನ ಅದೇ ಲೇಖಕರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಓದುವುದು ಯುಕ್ತ. ಹದಿನೇಳನೆಯ ಶತಮಾನದ ಉತ್ತರಾರ್ಧದ ದುರ್ಗ ಅಲ್ಲಿದೆ. ದಳವಾಯಿ ಮುದ್ದಣ್ಣನ ಅಧಿಕಾರದಾಹ, ಅರಮನೆಯೊಳಗಿನ ಒಳಸಂಚು, ಅರಸರ ಕೊಲೆ ಇವುಗಳನ್ನು ತ.ರಾ.ಸು. ಮುಚ್ಚಿಡುವುದಿಲ್ಲ. ಏಳು ಸುತ್ತಿನ ಕೋಟೆಗೆ ಹೊರಗಿನ ಶತ್ರುವಿಗಿಂತ ಮೊದಲೇ ಒಳಗಿನ ಶತ್ರು ಇದ್ದನೆಂಬ ಅರಿವಿನೊಡನೆ ‘ದುರ್ಗಾಸ್ತಮಾನ’ಕ್ಕೆ ಬಂದರೆ ಅದರ ಶೋಕವು ಇನ್ನಷ್ಟು ಆಳವಾಗುತ್ತದೆ.

ಇನ್ನು ಪಕ್ಕದಲ್ಲಿಡಬೇಕಾದ ಕೃತಿಗಳು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚನ್ನಬಸವನಾಯಕ’ ಬಿದನೂರಿನ ಕೊನೆಯ ದಿನಗಳನ್ನೂ, 1956ರ ‘ಚಿಕವೀರರಾಜೇಂದ್ರ’ ಕೊಡಗಿನ ಅರಸೊತ್ತಿಗೆಯ ಅಂತ್ಯವನ್ನೂ ವಸ್ತುವಾಗುಳ್ಳವು. ಬಿದನೂರು ಬಿದ್ದದ್ದು 1763ರಲ್ಲಿ, ಚಿತ್ರದುರ್ಗ 1779ರಲ್ಲಿ, ಕೊಡಗು 1834ರಲ್ಲಿ. ಕನ್ನಡ ನಾಡಿನ ಮೂರು ಸಂಸ್ಥಾನಗಳ ಪತನವನ್ನು ಇಬ್ಬರು ಹಿರಿಯ ಕಾದಂಬರಿಕಾರರು ಚಿತ್ರಿಸಿದ್ದಾರೆ. ಇಬ್ಬರ ದೃಷ್ಟಿಯೂ ಬೇರೆ. ಮಾಸ್ತಿಯವರಿಗೆ ಮುಖ್ಯವಾದುದು ಆಳುವವರ ನೈತಿಕ ಪತನ. ಚಿಕವೀರರಾಜನ ಕ್ರೌರ್ಯ, ಕುಂಟ ಬಸವನ ಪ್ರಭಾವ, ಅರಸನಿಗೆ ನಿಷ್ಠನಾಗಿರಬೇಕೋ ನಾಡಿಗೋ ಎಂಬ ಬೋಪಣ್ಣನ ಸಂಕಟ ಇವೆಲ್ಲ ಸಮಚಿತ್ತದ ಗದ್ಯದಲ್ಲಿ ಬರುತ್ತವೆ. ತೀರ್ಪನ್ನು ಓದುಗನಿಗೇ ಬಿಡಲಾಗುತ್ತದೆ. ತ.ರಾ.ಸು. ಅವರದು ಆವೇಶದ ಗದ್ಯ. ಅರಸನ ಪರವಾಗಿ ನಿಂತು ಅಳುವ ಗದ್ಯ. ಒಂದನ್ನು ಮೆಚ್ಚಲು ಇನ್ನೊಂದನ್ನು ಹಳಿಯಬೇಕಾಗಿಲ್ಲ. ಆದರೆ ಒಂದನ್ನೇ ಓದಿದವನಿಗೆ ಇನ್ನೊಂದು ದೃಷ್ಟಿ ಸಾಧ್ಯವೆಂಬುದೇ ಹೊಳೆಯದು.

ಈ ಜೋಡಿ ಓದಿನಿಂದ ಚರಿತ್ರೆಯ ಒಂದು ಕಟುಸತ್ಯವೂ ಎದುರಾಗುತ್ತದೆ. ಚನ್ನಬಸವನಾಯಕನೆಂದು ಹೇಳಿಕೊಂಡವನೊಬ್ಬನನ್ನು ಹೈದರನಿಗೆ ಪರಿಚಯಿಸಿ, ಬಿದನೂರಿನ ಮೇಲಿನ ದಂಡಯಾತ್ರೆಗೆ ನೆಪ ಒದಗಿಸಿದವನು ಚಿತ್ರದುರ್ಗದ ನಾಯಕನೇ ಎಂದು ಚರಿತ್ರಕಾರರು ದಾಖಲಿಸಿದ್ದಾರೆ. ಹದಿನಾರು ವರ್ಷಗಳ ನಂತರ ಅದೇ ಹೈದರನಿಗೆ ದುರ್ಗವೂ ಬಲಿಯಾಯಿತು. ಬಿದನೂರಿನ ಕಾದಂಬರಿಯನ್ನೂ ದುರ್ಗದ ಕಾದಂಬರಿಯನ್ನೂ ಒಟ್ಟಿಗೆ ಓದಿದವನು ನೆರೆರಾಜ್ಯದ ನಾಶದಲ್ಲಿ ತನ್ನ ನಾಶದ ಬೀಜವಿರುವುದನ್ನು ಗುರುತಿಸಬಲ್ಲ. ಬಿಡಿ ಬಿಡಿಯಾಗಿ ಓದಿದವನಿಗೆ ಎರಡು ಕಣ್ಣೀರಿನ ಕಥೆಗಳಷ್ಟೇ ದಕ್ಕುತ್ತವೆ.

ಕಾದಂಬರಿಯನ್ನು ಸಂತೋಷಕ್ಕಾಗಿ ಓದಬೇಕು, ಅದಕ್ಕೆ ಇಷ್ಟೆಲ್ಲ ಕಟ್ಟುಪಾಡು ಏಕೆ ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಚಿತ್ರದುರ್ಗದಂಥ ಸೀಮೆಯಲ್ಲಿ ಕಾದಂಬರಿ ಸಂತೋಷದಲ್ಲಿಯೇ ನಿಲ್ಲುವುದಿಲ್ಲ, ಜನರ ನೆನಪಾಗಿಬಿಡುತ್ತದೆ. ತ.ರಾ.ಸು. ಕಾದಂಬರಿಗಳನ್ನಾಧರಿಸಿ 1972ರಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದಿಂದ ಓಬವ್ವನ ಕಥೆ ನಾಡಿನ ಮನೆಮನೆಗೂ ತಲುಪಿದುದು ಇದಕ್ಕೆ ನಿದರ್ಶನ. ಹೀಗೆ ಕಲ್ಪನೆಯೂ ಚರಿತ್ರೆಯೂ ಬೆರೆತಿರುವಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯು ಕಾದಂಬರಿಯ ಸಂಭಾಷಣೆಯನ್ನು ಆಧಾರವೆಂದು ಉದ್ಧರಿಸುವ ಅಪಾಯ ಇದ್ದೇ ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟದಲ್ಲಿರುವ ಚಿತ್ರದುರ್ಗ ಜಿಲ್ಲೆಯ ಶಾಸನಗಳು, ಪಾಳೆಯಗಾರರನ್ನು ಕುರಿತ ಎಂ.ಎಸ್. ಪುಟ್ಟಣ್ಣನವರ ಗ್ರಂಥ ಇವು ಅಂಥವನ ಮೇಜಿನ ಮೇಲೆ ಕಾದಂಬರಿಯ ಜೊತೆಯಲ್ಲಿಯೇ ಇರಬೇಕು.

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂಥ ಊರುಗಳ ಓದುಗರಿಗೆ ಇದು ದೂರದ ಮಾತಲ್ಲ. ವಿಜಯನಗರದ ಕಾಲದಲ್ಲಿ ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಯ, ಆಮೇಲೆ ಹಿರಿಯೂರಿನ, ಅನಂತರ ಚಿತ್ರದುರ್ಗದ ನಾಯಕನಾದನೆಂದು ಇತಿಹಾಸವು ಹೇಳುತ್ತದೆ. ದುರ್ಗದ ಆಳ್ವಿಕೆಯ ಮೊದಲ ಮೆಟ್ಟಿಲು ಈ ಬಯಲಿನಲ್ಲಿಯೇ ಇದೆ. ಇಲ್ಲಿನ ಶಾಲೆ, ಗ್ರಂಥಾಲಯಗಳಲ್ಲಿ ‘ದುರ್ಗಾಸ್ತಮಾನ’ವನ್ನು ಎಳೆಯರ ಕೈಗೆ ಕೊಡುವವರು ಅದರ ಹಿಂದಿನ ಮೂರು ಕಾದಂಬರಿಗಳನ್ನೂ ಮಾಸ್ತಿಯವರ ಎರಡನ್ನೂ ಜೊತೆಗೆ ಕೊಡಲಿ. ಆರು ಪುಸ್ತಕಗಳನ್ನು ಓದಿ ಮುಗಿಸಲು ಒಂದು ವರ್ಷ ಹಿಡಿದರೂ ಚಿಂತೆಯಿಲ್ಲ. ಆ ವರ್ಷದ ಕೊನೆಯಲ್ಲಿ ಓದುಗನು ದುರ್ಗವನ್ನು ಮೊದಲಿನಷ್ಟೇ ಪ್ರೀತಿಸುತ್ತಾನೆ. ಅದು ಏಕೆ ಬಿದ್ದಿತೆಂದು ಕೇಳುವುದನ್ನೂ ಕಲಿತಿರುತ್ತಾನೆ.