ಬಾಳೆ ಎಲೆ ಚಿತ್ರದ ಮೇಲೆ ಊಟ, ಬೇಲಿಯಲ್ಲಿ ಮುತ್ತುಗ

ಹೋದ ತಿಂಗಳು ಹುಲಿಯೂರುದುರ್ಗದ ಕಡೆ ಒಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತಾಗ ಮುಂದೆ ಹಾಸಿದ್ದು ಬಾಳೆ ಎಲೆ ಅಂದುಕೊಂಡೆ. ಮುಟ್ಟಿದರೆ ಪೇಪರ್, ಅದರ ಮೇಲೆ ಬಾಳೆ ಎಲೆಯ ಚಿತ್ರ! ಬಿಸಿ ಸಾರು ಬಿದ್ದ ಕಡೆ ಮೇಲಿನ ತೆಳು ಪ್ಲಾಸ್ಟಿಕ್ ಸುರುಟಿಕೊಂಡಿತು. ಕೈ ತೊಳೆಯಲು ಹೋದರೆ ಹಿಂದಿನ ಗುಂಡಿಯಲ್ಲಿ ಎರಡು ಹಸು ಅದೇ 'ಎಲೆ'ಗಳನ್ನು ಅನ್ನದ ಸಮೇತ ಅಗಿಯುತ್ತಿದ್ದವು.

ನಮ್ಮಜ್ಜಿ ಇದ್ದಿದ್ದರೆ ಎದ್ದು ಹೋಗುತ್ತಿದ್ದಳು. ಯುಗಾದಿ ಕಳೆದು ಮುತ್ತುಗದ ಎಲೆ ಬಲಿತರೆ ಸಾಕು, ಮುಂಜಾನೆಯೇ ಬೆಟ್ಟದ ಸಾಲಿಗೆ ಹೋಗಿ ಹೊರೆ ತರುತ್ತಿದ್ದಳು. ಮಧ್ಯಾಹ್ನ ಜಗಲಿ ಮೇಲೆ ಕೂತು ಕಡ್ಡಿ ಚುಚ್ಚಿ ಎಲೆ ಹಚ್ಚುವುದು. ದಿಂಡು ಕಟ್ಟಿ, ಕಲ್ಲು ಹೇರಿ, ಒಣಗಿಸಿ ಅಟ್ಟಕ್ಕೆ ಸೇರಿಸಿದರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಬಡಿಸುವ ಮುಂಚೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಬಿಸಿ ಮುದ್ದೆ ಬಿದ್ದಾಗ ಏಳುವ ವಾಸನೆ ಉಂಡವರಿಗೇ ಗೊತ್ತು. ಸುಳ್ಳು ಯಾಕೆ, ಹಚ್ಚಿದ ಕೈ ಸರಿಯಿಲ್ಲದಿದ್ದರೆ ಸಾರು ಸೋರಿ ನೇರ ಮಡಿಲಿಗೇ ಬರುತ್ತಿತ್ತು.

ಮುತ್ತುಗ ಚೆಂದದ ಮರವೇನಲ್ಲ. ಸೊಟ್ಟ ಕಾಂಡ, ಒಂದು ತೊಟ್ಟಿಗೆ ಮೂರೇ ಎಲೆ. ಚಳಿಯಲ್ಲಿ ಎಲೆ ಉದುರಿಸಿ, ಶಿವರಾತ್ರಿ ಹೊತ್ತಿಗೆ ಬರೀ ಕೊಂಬೆ ತುಂಬ ಕೆಂಡದ ಬಣ್ಣದ ಹೂವು ಬಿಡುತ್ತದೆ. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ. ಚೌಳು ನೆಲದಲ್ಲೂ ಬದುಕುತ್ತದೆ. ಕೊಡಲಿಯಿಂದ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಆದರೆ ಈಗ ಅಡಿಕೆ ಹಾಕಲು ಜೆಸಿಬಿ ಬಂದು ಬೇರು ಸಮೇತ ಎತ್ತುತ್ತಿದೆ, ಮತ್ತೆ ಚಿಗುರುವುದೆಲ್ಲಿಂದ?

ಮದ್ದಿನ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಬೇಕು. ತೊಗಟೆಯಿಂದ ಒಸರುವ ಕೆಂಪು ಅಂಟನ್ನು ಹಿಂದಿನವರು ಭೇದಿಗೆ ಕೊಡುತ್ತಿದ್ದರು. ಮೂತ್ರ ಕಟ್ಟಿದರೆ ಬೇಯಿಸಿದ ಹೂವನ್ನು ಬಟ್ಟೆಯಲ್ಲಿ ಕಟ್ಟಿ ಕಿಬ್ಬೊಟ್ಟೆಗೆ ಶಾಖ ಕೊಡುವುದಿತ್ತು. ಬೀಜ ಹೊಟ್ಟೆಹುಳುವಿಗೆ. ಆದರೆ ಈ ಬೀಜ ಪ್ರಮಾಣ ಮೀರಿದರೆ ವಾಂತಿ, ಹೊಟ್ಟೆನೋವು ಬರುತ್ತದೆ. ವಾಟ್ಸಾಪ್ ನೋಡಿ ಮಕ್ಕಳಿಗೆ ಅರೆದು ಕುಡಿಸಬೇಡಿ. ಹುಳುವಿನ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟಕ್ಕೆ 2016ರಲ್ಲೇ ನಿಷೇಧ ಬಂತು. 2022ರ ಜುಲೈ 1ರಿಂದ ಇಡೀ ದೇಶಕ್ಕೂ ಬಂತು. ಆದರೂ ಪ್ಲಾಸ್ಟಿಕ್ ಅಂಟಿಸಿದ ಪೇಪರ್ ಎಲೆ ಎಲ್ಲ ಸಂತೆಯಲ್ಲೂ ಸಿಗುತ್ತದೆ. ದಾಳಿ ಮಾಡಿ ದಂಡ ಹಾಕಿದರೆ ಸಾಲದು, ಅಂಗಡಿಯವನ ಕೈಗೆ ಬದಲಿ ಏನಾದರೂ ಸಿಗಬೇಕಲ್ಲ? ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ಒಂದು ಎಲೆ ಒತ್ತುವ ಯಂತ್ರ ಕೊಡಿಸುವುದು ಪಂಚಾಯಿತಿಗೆ ದೊಡ್ಡ ಮಾತಲ್ಲ. ಜಾತ್ರೆಯ ಅನ್ನಸಂತರ್ಪಣೆಗೆ ಮುತ್ತುಗದ ಎಲೆಯೇ ಬೇಕು ಎಂದು ದೇವಸ್ಥಾನದವರು ಹಟ ಹಿಡಿದರೆ ಮೊದಲ ಗಿರಾಕಿಯೂ ಸಿಕ್ಕಂತೆ.

"ಎಲೆ ಹಚ್ಚಿದರೆ ಕೂಲಿ ಗಿಟ್ಟಲ್ಲ, ಗಾರ್ಮೆಂಟ್ಸೇ ವಾಸಿ" ಎನ್ನುತ್ತಾರೆ ಹೆಣ್ಣುಮಕ್ಕಳು. ಅವರ ಮಾತು ನಿಜ. ಮದುವೆಯ ಡ್ರೋನ್ ಕ್ಯಾಮೆರಾಕ್ಕೆ ಸಾವಿರಗಟ್ಟಲೆ ಎಣಿಸುವವರು ಎಲೆಗೆ ಒಂದು ರೂಪಾಯಿ ಜಾಸ್ತಿ ಎಂದರೆ ಮುಖ ಸಿಂಡರಿಸುತ್ತೇವೆ.

ನಮ್ಮ ಹೊಲದ ಬದುವಿನಲ್ಲಿ ಎರಡು ಮುತ್ತುಗ ಉಳಿದಿವೆ. ತಮ್ಮನಿಗೆ ಅಲ್ಲಿ ಅಡಿಕೆ ಸಸಿ ನೆಡುವ ಆಸೆ, ಜಗಳ ಆಡಿ ನಿಲ್ಲಿಸಿದ್ದೇನೆ. ಈ ಬೇಸಿಗೆಗೆ ಅಮ್ಮ ಎಲೆ ಹಚ್ಚಲು ಕೂರುತ್ತಾಳಂತೆ. ಕಡ್ಡಿ ಸೀಳಿಕೊಡುವ ಕೆಲಸ ನನ್ನದು.