ಮುಂಗಾರಿಗೆ ಮುಂಚಿನ ಕೆಲಸ

2024ರ ಮೇ 21ರಂದು ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಮಳೆಗೆ ಕುಸಿಯಿತು. ಮೂರು ತಿಂಗಳು ತುಂಬುವ ಮೊದಲೇ, ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಒಂದು ವಿಜಯನಗರದ ಕಾಲದ್ದು, ಇನ್ನೊಂದು 1953ರಷ್ಟು ಈಚಿನದು. ಎರಡನ್ನೂ ಕೆಡವಿದ್ದು ಕಂಡರಿಯದ ಪ್ರಳಯವಲ್ಲ. ಎರಡೂ ಸಲ ನೆಲ ನಡುಗಿರಲಿಲ್ಲ. ಗೇಟು ಹೋದ ರಾತ್ರಿಯೂ ಅಣೆಕಟ್ಟಿನ ಕಲ್ಲುಗೋಡೆ ಅಲುಗದೆ ನಿಂತಿತ್ತು.

ಹವಾಮಾನ ಬದಲಾಗುತ್ತಿದೆ, ಕಟ್ಟಡ ಹೇಗಿರಬೇಕು ಎಂಬ ಮಾತು ಬಂದೊಡನೆ ನಾವು ಸಿಮೆಂಟು, ಕಬ್ಬಿಣದ ಲೆಕ್ಕಕ್ಕೆ ಇಳಿಯುತ್ತೇವೆ. ಆ ಲೆಕ್ಕ ಬೇಕು. ಆದರೆ ವರ್ಷಕ್ಕೊಮ್ಮೆ ಕಟ್ಟಡವನ್ನು ಹತ್ತಿ ನೋಡುವವರು ಯಾರು, ಸವೆದ ಭಾಗವನ್ನು ಕಳಚಿ ಬೇರೆಯದನ್ನು ಕೂರಿಸಲು ಜಾಗವಿದೆಯೇ ಎಂಬುದೂ ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ತುಂಗಭದ್ರೆಯಲ್ಲಿ ಅದು ಆಗಿರಲಿಲ್ಲ. 33 ಗೇಟುಗಳ ಅಣೆಕಟ್ಟಿನಲ್ಲಿ ಒಂದು ಕೈಕೊಟ್ಟರೆ ಆ ಬಾಯಿಗೆ ಇಳಿಸಲು ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆಹಲಗೆ, ಸಿದ್ಧವಿರಲಿಲ್ಲ. ಹಿಂದಿನ ವರ್ಷದ ಬರ ಕಂಡ ರೈತರು ತುಂಬಿದ ಡ್ಯಾಂ ಬರಿದಾಗುವುದನ್ನು ನೋಡುತ್ತ ನಿಲ್ಲಬೇಕಾಯಿತು. ಅಣೆಕಟ್ಟು ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಅರವತ್ತು ಅಡಿ ಅಗಲದ ಆ ಬಾಯಿಗೆ, ನೀರು ಭೋರ್ಗರೆಯುತ್ತಿರುವಾಗಲೇ, ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದೇ ವಾರದಲ್ಲಿ ಮುಚ್ಚಿದ ಕಾರ್ಮಿಕರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಅಷ್ಟು ಧೈರ್ಯ ಬೇಕಾಗುವ ಸ್ಥಿತಿಯೇ ಬರಬಾರದಿತ್ತು.

ನಮ್ಮ ಸೀಮೆಯ ಮಾಳಿಗೆ ಮನೆಗಳಲ್ಲಿ ವರ್ಷಕ್ಕೊಮ್ಮೆ ಹತ್ತಿ ನೋಡುವ ಈ ತಿಳಿವಳಿಕೆ ಇತ್ತು. ತೊಲೆ, ಅದರ ಮೇಲೆ ಜಂತಿ, ಕಟ್ಟಿಗೆ, ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಪೈರು ಬೆಳೆಯದ ಆ ಮಣ್ಣೇ ಮಾಳಿಗೆಗೆ ಬೇಕು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ತುಂಬುತ್ತವೆ. ಹೀಗಾಗಿ ಮೊದಲ ಮಳೆಯೇ ಮಾಳಿಗೆಯ ಬಾಯಿ ಮುಚ್ಚುತ್ತದೆ. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ, ಬಿರುಕು ನೋಡಿ, ಹೊಸ ಮಣ್ಣು ಹಾಕಿ ತುಳಿಯುವುದು ಮನೆಗೆಲಸದಲ್ಲೇ ಸೇರಿತ್ತು. ದಪ್ಪ ಮಣ್ಣಿನ ಅಡಿಯಲ್ಲಿ ಮಧ್ಯಾಹ್ನದ ಉರಿ ಒಳಗಿಳಿಯುತ್ತಿರಲಿಲ್ಲ.

ಹಾಗೆಂದು ಹಳೆಯದನ್ನು ಪೂಜಿಸುತ್ತ ಕೂರಲಾಗದು. ಹಳೆಯ ಮಣ್ಣು ತೆಗೆಯದೆ ಹೊಸದನ್ನು ಪೇರಿಸುತ್ತ ಹೋದರೆ ಮಾಳಿಗೆಯ ಭಾರವೇ ಮೃತ್ಯುವಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯ ಭೂಕಂಪದಲ್ಲಿ ಅದನ್ನೇ ಕಂಡೆವು: ಮಣ್ಣಿನಲ್ಲಿ ಕೂರಿಸಿದ ಕಲ್ಲುಗೋಡೆ, ಅದರ ಎರಡೂ ಮೈಯನ್ನು ಹಿಡಿದಿಡುವ ಉದ್ದ ಕಲ್ಲುಗಳಿಲ್ಲ, ನೆತ್ತಿಯ ಮೇಲೆ ಅಡಿಗಟ್ಟಲೆ ಮಣ್ಣು. ಸುಮಾರು ಹತ್ತು ಸಾವಿರ ಜನ ಸತ್ತರು. 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಊರೂರೇ ಕುಸಿದವು. ಮಣ್ಣಿನ ಗೋಡೆಯ ಬುಡ ನೆನೆಯಿತೆಂದರೆ ಮುಗಿಯಿತು. ಬುಡಕ್ಕೆ ಮೊಣಕಾಲೆತ್ತರ ಕಲ್ಲು, ಗೋಡೆಯ ತಲೆಗೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ಮಾಳಿಗೆಯ ಮಣ್ಣಿಗೆ ಒಂದು ಮಿತಿ: ಇಷ್ಟಿದ್ದರೆ ಆ ಮನೆ ಇಂದಿಗೂ ಯೋಗ್ಯ.

ಈಗ ಸಂಡೂರು, ಕಂಪ್ಲಿಯ ಓಣಿಗಳಲ್ಲೂ ಆರ್‌ಸಿಸಿ. ಹಗಲು ಹೀರಿದ ಬಿಸಿಲನ್ನು ಅದು ರಾತ್ರಿಯಿಡೀ ಮಲಗಿದವರ ಮೇಲೆ ಬಿಡುತ್ತದೆ. ಆರ್‌ಸಿಸಿ ಮನೆ ಕಟ್ಟಿದವರನ್ನು ದೂರಲಾರೆ. ಸೋರದ ಮನೆಯ ಆಸೆ ನ್ಯಾಯವಾದದ್ದು. ತಾರಸಿಗೆ ಬೇಸಿಗೆಯ ಮುಂಚೆ ದಪ್ಪಗೆ ಸುಣ್ಣ ಬಳಿದರೂ ಕೋಣೆ ತಂಪಾಗುತ್ತದೆ. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿತು. ಅದಕ್ಕಿಂತ ಬಿಸಿಲಿನಲ್ಲಿ ನಾವೇನೂ ಹಿಂದಿಲ್ಲ.

ಇನ್ನು ನದಿ. ಹಂಪಿಯ ಪುರಂದರದಾಸರ ಮಂಟಪ ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣುತ್ತದೆ. ಬಂಡೆಯ ನೆಲ, ಕಲ್ಲಿನ ಕಂಬ, ತಡೆಯುವ ಗೋಡೆಯಿಲ್ಲ. ನೀರು ನುಗ್ಗಿ ಆಚೆ ಹೋಗುತ್ತದೆ. ನದಿಯ ಪಾತ್ರದಲ್ಲಿ ಕಟ್ಟುವುದಾದರೆ ಹಾಗೆ ಕಟ್ಟಬೇಕು. ಎದುರು ದಡದ ವಿರುಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳೆದ್ದವು. 2019ರ ಆಗಸ್ಟಿನಲ್ಲಿ ಅಲ್ಲಿ ಸಿಲುಕಿದ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅವು ತೆರವಾದವು.

ಕಂಪ್ಲಿಯವರಿಗೆ ಹೀಗೆ ನದಿಯಿಂದ ದೂರ ಸರಿಯುವ ಆಯ್ಕೆಯಿಲ್ಲ. ಡ್ಯಾಂನಿಂದ ಹೆಚ್ಚು ನೀರು ಬಂದಾಗ ಗಂಗಾವತಿಗೆ ಹೋಗುವ ಸೇತುವೆ ಮುಳುಗುತ್ತದೆ, ಕೋಟೆಯ ಮನೆಗಳ ಹೊಸ್ತಿಲಿಗೆ ನೀರು ಬರುತ್ತದೆ. ಎತ್ತರದ ಸೇತುವೆ ಬೇಕೆಂಬ ಬೇಡಿಕೆ ಹಳೆಯದು. ಅದರ ಎತ್ತರ ಗೊತ್ತುಮಾಡುವವರು ಹಳೆಯ ಪ್ರವಾಹದ ಗುರುತು ನೋಡಿದರೆ ಸಾಲದು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಮೇಲೆ ತಡೆಯಲು ಜಾಗ ಕಡಿಮೆಯಾದಷ್ಟೂ ಕೆಳಗೆ ಬಿಡುವ ನೀರು ಹೆಚ್ಚು, ಬಿಡುವ ಮುನ್ನ ಸಿಗುವ ಸಮಯ ಕಡಿಮೆ. ಕೆಲವೇ ಗಂಟೆಗಳಲ್ಲಿ ತಿಂಗಳ ಮಳೆ ಸುರಿಯುವ ದಿನಗಳು ಹೆಚ್ಚುತ್ತಿರುವಾಗ ಹೂಳಿನ ಲೆಕ್ಕ ಕಂಪ್ಲಿಯ ಸೇತುವೆಯ ಲೆಕ್ಕವೂ ಹೌದು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಎಂಜಿನಿಯರುಗಳನ್ನು ಸರ್ಕಾರ ಕೂರಿಸಲಿ.